ನೀರು ಬಿಟ್ಟ ದಿನ ಶೀಟು ಇಳಿಸಿದ್ದು

ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ದಾವಣಗೆರೆಯ ನಮ್ಮ ಓಣಿಯಲ್ಲಿ
ಮಾಡಿಗೆ ನೀರು ಹಾಕಬೇಕೆಂದ ಬುಡೇನ್ ಸಾಬ್.
ಹುಚ್ಚೇನೋ ಅಂದುಕೊಂಡೆ.
ಡ್ರಮ್ಮು, ಹಂಡೆ, ಕೊಡ, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿ
ವಾರವಿಡೀ ಲೋಟದ ಲೆಕ್ಕದಲ್ಲಿ ಬಳಸುವ ನೀರು
ಕಾದ ಸಿಮೆಂಟ್ ಶೀಟಿನ ಮೇಲೆ!

ಮೊದಲು ಬಂದ ಮೇಸ್ತ್ರಿ ಎರಡೇ ತಾಸು ಸಾಕೆಂದಿದ್ದ:
ಸುತ್ತಿಗೆಯಲ್ಲಿ ನಾಲ್ಕು ಏಟು, ಬಿದ್ದದ್ದನ್ನು ಬಾಚಿ
ಟ್ರ್ಯಾಕ್ಟರಿಗೆ ತುಂಬಿದರಾಯಿತು.
ಇವನು ಎರಡು ದಿನ ಕೇಳಿದ. ಕೂಲಿಯೂ ದುಪ್ಪಟ್ಟು.
ನಾನು ಚೌಕಾಸಿಗಿಳಿದೆ.
ಅವನು ಏಣಿಗೆ ಒರಗಿ ಒಂದೇ ಪದ ಹೇಳಿದ:
‘ಕಲ್ನಾರು, ಅಕ್ಕಾ. ಕಲ್ಲೊಳಗಿನ ನಾರು.’

ನಾರು ನನಗೇನು ಹೊಸದೆ?
ಅಪ್ಪ ಮಿಲ್ಲಿನಿಂದ ಬಂದರೆ ಹುಬ್ಬು ಮೀಸೆಯೆಲ್ಲ ಹತ್ತಿ.
ಹೊಸಿಲಲ್ಲಿ ನಿಂತು ಟವೆಲು ಝಾಡಿಸಿದರೆ
ಬಿಸಿಲುಕೋಲಿನೊಳಗೆ ತೇಲುವುದನ್ನು
ಬಾಯಿ ಬಿಟ್ಟು ನೋಡುತ್ತಿದ್ದೆ.
ಆ ಹತ್ತಿಯ ಬೋನಸ್ಸಿನಲ್ಲೇ ಎಪ್ಪತ್ತೊಂಬತ್ತರಲ್ಲಿ
ಹೆಂಚು ತೆಗೆಸಿ ಈ ಶೀಟು ಹಾಕಿಸಿದ್ದು;
ಓಣಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದ್ದು.
ಅವ್ವ ಸೇವಂತಿಗೆ ಕಟ್ಟುತ್ತ ಬಾಳೆನಾರು ಸೀಳುತ್ತ
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅನ್ನುತ್ತಿದ್ದಳು.
ಈ ನಾರಿಗೆ ಹೂವು ಬೇಕಿಲ್ಲ.
ಉಸಿರು ಸಾಕು.

ಸುಮ್ಮನಿದ್ದರೆ ಸುಮ್ಮನಿರುತ್ತದಂತೆ.
ಮುರಿದರೆ, ಕೊರೆದರೆ, ಗರಗಸ ಇಟ್ಟರೆ ಏಳುತ್ತದೆ.
ಹೊಗೆಯಾದರೆ ಕಣ್ಣುರಿದು ಬೈಯಬಹುದು;
ಇದು ಕಣ್ಣಿಗೂ ಇಲ್ಲ, ಮೂಗಿಗೂ ಇಲ್ಲ.
ಮೂವತ್ತು ವರ್ಷ ಬಿಟ್ಟು ಬಂದು ಬಾಗಿಲು ಬಡಿಯುತ್ತದೆ.

ಮಕ್ಕಳನ್ನು ಅತ್ತೆ ಮನೆಗೆ ಕಳಿಸಿ,
ಫ್ಯಾನು ನಿಲ್ಲಿಸಿ, ಪಕ್ಕದ ಕಿಟಕಿಗಳನ್ನೂ ಮುಚ್ಚಿಸಿ
ಸೋಪುಪುಡಿ ಕಲಸಿದ ನೀರನ್ನು ಪಂಪಿನಿಂದ ಬಿಟ್ಟ,
ಜಡೆ ಹಾಕುವ ಮುಂಚೆ ಎಣ್ಣೆ ಹಚ್ಚಿದಷ್ಟು ಮೆತ್ತಗೆ.
ಬೋಲ್ಟು ಒಂದೊಂದಾಗಿ ಬಿಚ್ಚಿದ. ಹಟ ಹಿಡಿದವನ್ನು ಕತ್ತರಿಸಿದ.
ಟವೆಲು ಕಟ್ಟಿಕೊಂಡು ಏಣಿ ಹತ್ತಿದ ಹುಡುಗ ದಾದಾಪೀರನನ್ನು
ಕಿವಿ ಹಿಡಿದು ಇಳಿಸಿ
ಗಟ್ಟಿ ಮಾಸ್ಕು ತೊಡಿಸಿ ಮತ್ತೆ ಹತ್ತಿಸಿದ.
ಶೀಟು ಕೈಯಿಂದ ಕೈಗೆ ಇಳಿದು ಬಂತು,
ನಿದ್ದೆಗಣ್ಣಿನ ಕೂಸಿನ ಹಾಗೆ.

ಗಂಗಕ್ಕ ಬೇಲಿಯಾಚೆಯಿಂದ ಕೇಳಿದಳು:
‘ಎರಡು ಕೊಡೇ, ಕೋಳಿಗೂಡಿಗೆ.’
ಬೇಡ ಕಣಕ್ಕಾ ಅಂದೆ. ಯಾಕೆ ಅಂತಲೂ ಹೇಳಿದೆ.
‘ಬಂಗಾರದ್ದೇನು ನಿಂದು?’
ಇವತ್ತಿಗೂ ಮಾತಿಲ್ಲ.

ಕಸಬರಿಗೆ ಹಿಡಿದು ಹೊರಟವಳನ್ನು ಬುಡೇನ್ ತಡೆದ.
‘ಒಣಗಿದ್ದನ್ನು ಗುಡಿಸಬ್ಯಾಡಿ. ಒದ್ದೆ ಬಟ್ಟೆ. ಆಮೇಲೆ ಆ ಬಟ್ಟೆನೂ ಚೀಲಕ್ಕೆ.’
ಕೈಯಲ್ಲಿದ್ದ ಚಾ ಆರುತ್ತಿತ್ತು.
‘ಇಪ್ಪತ್ತು ವರ್ಷ ಮಿಷನ್ ಹಿಡಿದು ಕೊಯ್ದೀನಿ.
ಮಾಡು ಹತ್ತಿದವನು ನಾನು.
ಅಂಗಿ ಝಾಡಿಸಿ ಒಗೆದವಳು ಫಾತಿಮಾಬಿ.’
ಅಷ್ಟೇ.
ಮುಂದಿನದನ್ನು ನಾನು ಕೇಳಲಿಲ್ಲ,
ಅವನ ಅಂಗಿಯನ್ನು ಈಗ ಯಾರು ಒಗೆಯುತ್ತಾರೆಂದೂ.

ಸಂಜೆ ಅವರಿಬ್ಬರೂ ನಮ್ಮ ಹಿತ್ತಲಲ್ಲೇ ಮಿಂದರು.
ಕೆಲಸದ ಬಟ್ಟೆ ಕಟ್ಟಿ ಬೇರೆ ಇಟ್ಟರು.
ಹಂಡೆ ಖಾಲಿ. ಡ್ರಮ್ಮಿನ ತಳ ಕಾಣುತ್ತಿತ್ತು.
ಇಡ್ಲಿ ಪಾತ್ರೆಯ ನೀರನ್ನೂ ತಂದು ಕೊಟ್ಟೆ.

ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು, ಮೇಲೆ ಟೇಪು.
ಮಗಳು ಮಾರ್ಕರಿನಲ್ಲಿ ಬರೆದಳು: ಕಲ್ನಾರು. ಒಡೆಯಬೇಡಿ.
ಎಲ್ಲಿಗೆ ಕೊಡಬೇಕೆಂದು ಪಾಲಿಕೆಗೆ ಫೋನು ಮಾಡಿದೆ.
ಆ ಟೇಬಲ್ಲು ಈ ಟೇಬಲ್ಲನ್ನು ತೋರಿಸಿತು,
ಈ ಟೇಬಲ್ಲು ಊಟಕ್ಕೆ ಹೋಗಿತ್ತು.
ಮತ್ತೆ ಮಾಡುತ್ತೇನೆ. ಬರೆದೂ ಕೊಟ್ಟಿದ್ದೇನೆ.

ಕಟ್ಟು ಇನ್ನೂ ಹಿತ್ತಲ ಗೋಡೆಗೆ ಒರಗಿದೆ.
ಗಂಗಕ್ಕನ ಕೆಂಪು ಹುಂಜ ದಿನಾ ಬಂದು
ಅದರ ಮೇಲೇ ಹತ್ತಿ ಕೂಗುತ್ತದೆ.
ಕಲ್ಲು ಎಸೆಯುವುದಿಲ್ಲ.
ಹತ್ತಿರ ಹೋಗಿ ಎತ್ತಿ ಇಳಿಸುತ್ತೇನೆ.